ಉಕ್ಕಿನ ಹದ

ಕನ್ನಡ ಕೂಟಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಹೆಮ್ಮೆಯ ಮಾತೊಂದುಂಟು: ಇಂಗ್ಲಿಷಿನ ‘ವೂಟ್ಸ್’ ಎಂಬ ಶಬ್ದ ಹುಟ್ಟಿದ್ದು ನಮ್ಮ ‘ಉಕ್ಕಿ’ನಿಂದ ಎಂದು. ವಿದ್ವಾಂಸರೂ ಬಹುಮಟ್ಟಿಗೆ ಒಪ್ಪುತ್ತಾರೆ. ತೆಲುಗಿನವರಿಗೂ ಅದರಲ್ಲಿ ಪಾಲುಂಟು, ಅಷ್ಟೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಜಾರ್ಜ್ ಪಿಯರ್ಸನ್ ಆ ಹೆಸರಿನಿಂದಲೇ ಅದನ್ನು ಪರೀಕ್ಷಿಸಿ ಬರೆದರು. ಕಮ್ಮಾರನ ಮಗನೇ ಆದ ಮೈಕೆಲ್ ಫ್ಯಾರಡೆ 1820ರ ಸುಮಾರಿಗೆ ಅದರ ಗುಟ್ಟು ಹುಡುಕಿದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿಯನ್ನೂ ಹಸಿ ಎಲೆಗಳನ್ನೂ ಇಟ್ಟು, ಬಾಯಿ ಮೆತ್ತಿ ಕಾಯಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ.

ಸರಿಯೆ. ಆದರೆ ಹೆಮ್ಮೆಪಡುವವರ ಪೈಕಿ ಕುಲುಮೆಯ ಒಳಗೆ ಕಾಲಿಟ್ಟವರು ಎಷ್ಟು ಮಂದಿ? ಕುಡುಗೋಲು ತಟ್ಟಿಸಲು ಹೋದರೂ ಹೊರಗೆ ನಿಂತು, ಕೂಲಿ ಕೊಟ್ಟು ಬಂದವರೇ ಹೆಚ್ಚು. ಆ ಮೂಸೆಗಳ ಬೆಂಕಿ 19ನೆಯ ಶತಮಾನದಲ್ಲಿ ಕಾರ್ಖಾನೆಯ ಉಕ್ಕಿನೆದುರು ಆರಿಹೋಯಿತು. ಶಬ್ದ ಮಾತ್ರ ನಮ್ಮ ಪಾಲಿಗೆ ಉಳಿಯಿತು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನಾವು ಕಬ್ಬಿಣ-ಇಂಗಾಲದ ನಕ್ಷೆಯನ್ನು ಕಣ್ಣು ಮುಚ್ಚಿ ಬರೆಯಬಲ್ಲೆವು. ಆ ನಕ್ಷೆ ಕೈಗೆ ಹೇಗೆ ಸಿಗುತ್ತದೆಂದು ನೋಡುವ ಹಂಬಲದಿಂದಲೇ ಗ್ಯಾರೇಜಿನಲ್ಲಿ ಚಾಕು ಮಾಡಲು ಹೊರಟದ್ದು.

ನಾವಿರುವ ಅಮೆರಿಕದಲ್ಲಿ ಇದು ಗಂಭೀರವಾದ ಹವ್ಯಾಸ. ಮೇರಿಲ್ಯಾಂಡಿನ ವಿಲಿಯಂ ಮೋರನ್ 1973ರಲ್ಲಿ ಪದರ ಪದರವಾಗಿ ಬೆಸೆದ ಡಮಾಸ್ಕಸ್ ಅಲಗುಗಳನ್ನು ಪ್ರದರ್ಶಿಸಿದ ಮೇಲೆ ಉತ್ಸಾಹ ಹಬ್ಬಿತು. 1976ರಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಹುಟ್ಟಿತು. ಅವರ ಪರೀಕ್ಷೆ ನಮ್ಮ ವೈವಾಗಿಂತ ಕಠಿಣ. ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು, ಮರದ ತೊಲೆಯನ್ನು ಎರಡು ಸಲ ತುಂಡರಿಸಬೇಕು, ಆಮೇಲೂ ಅದೇ ಅಲಗು ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಅದನ್ನು ಹಿಡಿಕೆಯಲ್ಲಿ ಕಚ್ಚಿಸಿ 90 ಡಿಗ್ರಿ ಬಾಗಿಸುತ್ತಾರೆ. ಗಡಸುತನವೂ ಬೇಕು, ಬಾಗುವ ಗುಣವೂ ಬೇಕು.

ಹೊಸಬರು ಡಮಾಸ್ಕಸ್ಸಿನ ಆಸೆಯನ್ನು ಸದ್ಯಕ್ಕೆ ಬಿಡಿ. ಅಡೆಗಲ್ಲು, ದೊಡ್ಡ ಕುಲುಮೆ ಯಾವುದೂ ಬೇಡ. ಬೇಕಾದದ್ದು ಒಂದು ಗರಗಸ, ಎರಡು ಒಳ್ಳೆಯ ಅರ, ಹಿಡಿಕೆ ಮತ್ತು ‘1084’ ಎಂಬ ಉಕ್ಕಿನ ಪಟ್ಟಿ. ಗುಜರಿಯ ಕಬ್ಬಿಣ ಪುಕ್ಕಟೆ ಸಿಗಬಹುದು, ಆದರೆ ಅದರಲ್ಲಿ ಇಂಗಾಲ ಎಷ್ಟಿದೆಯೋ ಯಾರು ಬಲ್ಲರು? ಸಾಧಾರಣ ಕಟ್ಟಡದ ಕಬ್ಬಿಣಕ್ಕೆ ನೀವು ಎಷ್ಟು ಪೂಜೆ ಮಾಡಿದರೂ ಹದ ಏರದು. 1084ರಲ್ಲಿ ಇಂಗಾಲ ಶೇಕಡ 0.84ರ ಆಸುಪಾಸು, ಬೇಗ ಕರಗಿ ಬೆರೆಯುವುದರಿಂದ ಕಲಿಯುವವರಿಗೆ ಅದರಷ್ಟು ಉದಾರವಾದದ್ದು ಇನ್ನೊಂದಿಲ್ಲ. ಮೂರು ನಾಲ್ಕು ಅಂಗುಲದ ಅಲಗನ್ನು ಅರದಿಂದಲೇ ಉಜ್ಜಿ ತಯಾರಿಸಿ. ಬಾಯಿಯನ್ನು ಈಗಲೇ ತೆಳ್ಳಗೆ ಮಾಡಬೇಡಿ. ಹತ್ತು ಸೆಂಟಿನ ನಾಣ್ಯದಷ್ಟು ದಪ್ಪವಿರಲಿ. ಇಲ್ಲವಾದರೆ ಎಣ್ಣೆಗಿಳಿಸಿದಾಗ ಅದು ಸೊಟ್ಟಗಾಗುತ್ತದೆ, ಸೀಳಲೂಬಹುದು.

ಇನ್ನು ಹದದ ಮಾತು. ಕಬ್ಬಿಣ ಕಾದಾಗ ಅದರ ಪರಮಾಣುಗಳು ಜಾಗ ಬದಲಿಸಿ ಇಂಗಾಲಕ್ಕೆ ಎಡೆ ಕೊಡುತ್ತವೆ. ಥಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯವಿಲ್ಲ. ಸಿಕ್ಕಿಕೊಂಡು ಇಡೀ ಜಾಲವನ್ನು ಬಿಗಿಹಿಡಿಯುತ್ತದೆ. ಗಡಸುತನ ಎಂದರೆ ಈ ಬಿಗಿಯೇ. 1084ಕ್ಕೆ ಸುಮಾರು 815 ಡಿಗ್ರಿ ಸೆಂಟಿಗ್ರೇಡ್ ಬೇಕು. ಉಷ್ಣಮಾಪಕ ಇಲ್ಲದವರಿಗೆ ಅಯಸ್ಕಾಂತ ಸಾಕು: 770ಕ್ಕೆ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ, ಅಲ್ಲಿಂದ ಇನ್ನು ಸ್ವಲ್ಪ ಮೇಲೆ. ನಮ್ಮ ಕಸುಬಿನ ಒಂದು ಕಿರುಗುಟ್ಟನ್ನೂ ಹೇಳಿಬಿಡುತ್ತೇವೆ. ಅಡಿಗೆಯ ಉಪ್ಪು ಕರಗುವುದು 801ಕ್ಕೆ. ಅಲಗಿನ ಪಕ್ಕದಲ್ಲಿಟ್ಟ ರದ್ದಿ ತುಂಡಿನ ಮೇಲೆ ಒಣ ಉಪ್ಪಿನ ಒಂದು ಚಿಟಿಕೆ ಹಾಕಿ ನೋಡಿ. ಅದು ನೀರಾದಾಗ ಆ ಕೆಂಪನ್ನು ಕಣ್ಣಿನಲ್ಲಿ ತುಂಬಿಕೊಳ್ಳಿ. ನೆರಳಿನಲ್ಲಿ ನಿಂತೇ ನೋಡಬೇಕು. ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ. ನಮ್ಮೂರ ಕುಲುಮೆ ಏಕೆ ಅಷ್ಟು ಕತ್ತಲೆಯಾಗಿತ್ತೆಂದು ನಮಗೆ ತಿಳಿದದ್ದು ಆಗ. ಕಮ್ಮಾರನಿಗೆ ನಕ್ಷೆ ಗೊತ್ತಿರಲಿಲ್ಲ, ನಿಜ. ನಕ್ಷೆ ಹೇಳುವುದು ಅವನ ಕಣ್ಣಿನಲ್ಲಿತ್ತು.

ಆ ಕೆಂಪಿನಲ್ಲಿ ಅಲಗನ್ನು ಬೆಚ್ಚಗಿನ ಕನೋಲಾ ಎಣ್ಣೆಗೆ, ಸುಮಾರು 55 ಡಿಗ್ರಿಯದಕ್ಕೆ, ನೇರವಾಗಿ ಇಳಿಸಿ. ಅಕ್ಕಪಕ್ಕ ಅಲ್ಲಾಡಿಸಬೇಡಿ. ಆರಿದ ಮೇಲೆ ಅರ ಹಾಕಿದರೆ ಜಾರಬೇಕು, ಕಚ್ಚಬಾರದು. ಈಗ ಅದು ಗಾಜಿನಂತೆ. ನೆಲಕ್ಕೆ ಬಿದ್ದರೆ ಎರಡಾಗುತ್ತದೆ. ತಡಮಾಡದೆ ಅಡಿಗೆಮನೆಯ ಓವನ್ನಿನಲ್ಲಿ 400 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಬೇಯಿಸಿ. ಒಣಹುಲ್ಲಿನ ಬಣ್ಣ ಬಂದರೆ ಹದ ಬಂತು. ಮೊದಲು ಎಣ್ಣೆ ತೊಳೆಯದಿದ್ದರೆ ಮನೆಯಾಕೆಯಿಂದ ಸಿಗುವ ಹದ ಬೇರೆ.

ಹುಷಾರಾಗಿರಬೇಕಾದ ಸಂಗತಿಗಳು: ಬೆಂಕಿಯ ಕೆಲಸ ಹೊರಗೆ, ಗಾಳಿಯಾಡುವ ಕಡೆ, ಎಣ್ಣೆ ಲೋಹದ ಡಬ್ಬಿಯಲ್ಲಿ, ಮುಚ್ಚಳ ಪಕ್ಕದಲ್ಲಿ. ಸತು ಬಳಿದ ಕಬ್ಬಿಣವನ್ನು ಬೆಂಕಿಗೆ ಹಾಕಲೇಬಾರದು. ಆ ಹೊಗೆಯಿಂದ ಚಳಿಜ್ವರ ಬರುತ್ತದೆ. ಉಜ್ಜುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖವಾಡ ಇರಲಿ.

ಈ ಉಕ್ಕು ತುಕ್ಕು ಹಿಡಿಯುವ ಜಾತಿ. ಹುಣಿಸೆಹಣ್ಣು, ನಿಂಬೆ ತಾಗಿದರೆ ಕಪ್ಪಾಗುತ್ತದೆ, ಅಜ್ಜಿಯ ಈಳಿಗೆ ಆಗುತ್ತಿದ್ದಂತೆಯೇ. ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಸವರಿ ಇಡಿ. ಮೊದಲ ಚಾಕುವನ್ನು ಊರಿನವರಿಗೆ ತೋರಿಸುವ ಆಸೆಯಿದ್ದರೆ ವಿಮಾನದಲ್ಲಿ ಅದು ದೊಡ್ಡ ಪೆಟ್ಟಿಗೆಯೊಳಗೆ ಹೋಗಲಿ, ಕೈಚೀಲದಲ್ಲಿ ಬೇಡ.