ಸುತ್ತುವ ವಿಮಾನ, ಸುಳ್ಳು ಹೇಳುವ ಕಿವಿ

ಮಕ್ಕಳು ಅಂಗಳದಲ್ಲಿ ಗಿರಗಿರನೆ ಸುತ್ತಿ ಥಟ್ಟನೆ ನಿಲ್ಲುವುದನ್ನು ನೀವು ನೋಡಿರುತ್ತೀರಿ. ಕಾಲು ನಿಂತರೂ ಅವರ ಕಣ್ಣಿಗೆ ಮನೆ, ಮರ ತಿರುಗುತ್ತಲೇ ಇರುತ್ತವೆ. ಪೈಲಟ್ ತರಬೇತಿಗೆ ಸೇರಿದ ನಿಮ್ಮ ಮಗನಿಗೋ ಮಗಳಿಗೋ ಆಕಾಶದಲ್ಲಿ ಇದೇ ಅನುಭವವಾದರೆ ಪ್ರಾಣಕ್ಕೇ ಅಪಾಯ.

ಸ್ಪಿನ್ ಎಂದರೇನು?

ಗಾಳಿಗೆ ಎದುರಾಗಿ ರೆಕ್ಕೆಯ ಕೋನ ಮಿತಿಮೀರಿದರೆ ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿ ಕುಸಿಯುತ್ತದೆ. ಇದು ‘ಸ್ಟಾಲ್’. ಆಗ ವಿಮಾನ ಪಕ್ಕಕ್ಕೂ ಹೊರಳುತ್ತಿದ್ದರೆ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಇದೇ ‘ಸ್ಪಿನ್’. ತರಬೇತಿಯಲ್ಲಿ ಬಳಸುವ ಸೆಸ್ನಾ 172 ಒಂದೇ ಸುತ್ತು ಸುತ್ತಿ ಚೇತರಿಸಿಕೊಳ್ಳುವಷ್ಟರಲ್ಲಿ ಸುಮಾರು 1,000 ಅಡಿ ಇಳಿದುಬಿಡಬಹುದು.

ಕಿವಿಯ ಪಾತ್ರ

ನಮ್ಮ ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ಅವುಗಳಲ್ಲಿರುವ ದ್ರವದ ಚಲನೆಯಿಂದ ದೇಹ ತಿರುಗುತ್ತಿರುವುದು ಮಿದುಳಿಗೆ ತಿಳಿಯುತ್ತದೆ. ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ದ್ರವವೂ ಜೊತೆಗೇ ಸುತ್ತತೊಡಗಿ, ತಿರುಗುವ ಅನುಭವ ಮಾಯವಾಗುತ್ತದೆ. ಸುತ್ತು ನಿಂತಾಗ ದ್ರವ ಮಾತ್ರ ಚಲಿಸುತ್ತಿರುವುದರಿಂದ ವಿರುದ್ಧ ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಅದನ್ನು ನಂಬಿ ‘ಸರಿಪಡಿಸಲು’ ಹೋದ ಪೈಲಟ್ ಮತ್ತೆ ಮೊದಲಿನ ಸ್ಪಿನ್‌ಗೇ ಸಿಲುಕಬಹುದು.

ಯಾವಾಗ ಕಲಿಸಬೇಕು?

ಮೊದಲು ಸ್ಟಾಲ್ ಗುರುತಿಸಿ ತಪ್ಪಿಸುವುದು, ಆಮೇಲೆ ಸ್ಪಿನ್. ಇಳಿಯುವ ಮುನ್ನ ರನ್‌ವೇ ಕಡೆಗೆ ತಿರುಗುವಾಗ ಸ್ಪಿನ್ ಆದರೆ ಚೇತರಿಸಿಕೊಳ್ಳಲು ಎತ್ತರವೇ ಇರುವುದಿಲ್ಲ. ಆದ್ದರಿಂದ ತಪ್ಪಿಸುವ ವಿದ್ಯೆಯೇ ಮುಖ್ಯ. ಅಮೆರಿಕದಲ್ಲಿ 1949ರಲ್ಲೇ ಖಾಸಗಿ ಪೈಲಟ್ ಪರೀಕ್ಷೆಯಿಂದ ಸ್ಪಿನ್ ಕೈಬಿಟ್ಟು, ಸ್ಟಾಲ್ ತಡೆಗೆ ಒತ್ತು ಕೊಟ್ಟರು. ಆದರೆ ಬೋಧಕರಾಗುವವರಿಗೆ ಅಲ್ಲಿ ಸ್ಪಿನ್ ತರಬೇತಿ ಕಡ್ಡಾಯ.

ಹೇಗೆ ಕಲಿಸಬೇಕು?

* ಮೊದಲ ಪಾಠ ನೆಲದ ಮೇಲೆ. ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಿಸಿದರೆ ಕಿವಿಯ ಮೋಸ ಅಪಾಯವಿಲ್ಲದೆ ಅರಿವಾಗುತ್ತದೆ. ಈ ಕುರ್ಚಿಗೆ, ಒಳಕಿವಿಯ ಸಂಶೋಧನೆಗೆ 1914ರ ನೊಬೆಲ್ ಪಡೆದ ವೈದ್ಯ ರಾಬರ್ಟ್ ಬಾರಾನಿ ಅವರ ಹೆಸರಿದೆ.

* ಸ್ಪಿನ್‌ಗೆ ಅನುಮತಿ ಇರುವ ವಿಮಾನದಲ್ಲಿ, ಅನುಭವಿ ಬೋಧಕರ ಜೊತೆಗೆ ಮಾತ್ರ ಹಾರಬೇಕು. ನೆಲದಿಂದ 4,000 ಅಡಿಗೂ ಮೇಲೆಯೇ ಚೇತರಿಕೆ ಮುಗಿಯುವಂತಿರಬೇಕು.

* ಮೊದಲ ದಿನ ಒಂದೆರಡು ಸಲ ಸಾಕು. ಬೆವರು, ಆಕಳಿಕೆ, ಹೊಟ್ಟೆ ತೊಳಸುವಿಕೆ ಕಂಡರೆ ಅಂದಿಗೆ ನಿಲ್ಲಿಸಬೇಕು. ದಿನ ಕಳೆದಂತೆ ಹೆಚ್ಚಿನವರಿಗೆ ದೇಹ ಒಗ್ಗುತ್ತದೆ.

ಮನೆಯವರು ಗಮನಿಸಿ

ಖಾಲಿ ಹೊಟ್ಟೆಯೂ ಬೇಡ, ಭರ್ಜರಿ ಊಟವೂ ಬೇಡ. ಎರಡು ಇಡ್ಲಿ ಸಾಕು. ನೆಗಡಿ ಇದ್ದಾಗ ಹಾರಬಾರದು. ವಿಮಾನ ಇಳಿಯುವಾಗ ಕಿವಿನೋವು ತೀವ್ರವಾಗಬಹುದು. ವಾಂತಿ ತಡೆಯುವ ಹಲವು ಮಾತ್ರೆಗಳು ತೂಕಡಿಕೆ ತರುತ್ತವೆ. ವೈಮಾನಿಕ ವೈದ್ಯರನ್ನು ಕೇಳದೆ ಕೊಡಬೇಡಿ. ನೆಲದ ಮೇಲೂ ತಲೆಸುತ್ತು ಬರುತ್ತಿದ್ದರೆ ಕಿವಿ ತಜ್ಞರಿಗೆ ತೋರಿಸಿ, ಅದನ್ನು ಬೋಧಕರಿಂದ ಮುಚ್ಚಿಡಬೇಡಿ.

ಸಾಕಷ್ಟು ಅಭ್ಯಾಸವಾದ ಮೇಲೂ ಕಿವಿ ಮೋಸ ಮಾಡುವುದನ್ನು ಪೂರ್ತಿ ಬಿಡುವುದಿಲ್ಲ. ಕಿವಿಗಿಂತ ದಿಗಂತವನ್ನೂ ಉಪಕರಣಗಳನ್ನೂ ನಂಬಲು ಕಲಿತವನೇ ಸುರಕ್ಷಿತ ಪೈಲಟ್.