ಹಿಮದ ನಾಡಿನಲ್ಲಿ ಸುಳಿ ಕಾಯುವುದು

ಜರ್ಮನಿಯ ನೈಋತ್ಯದಲ್ಲಿ, ಫ್ರೈಬುರ್ಗ್‌ನಿಂದ ಹೈಡೆಲ್‌ಬರ್ಗ್‌ವರೆಗಿನ ರೈನ್ ಕಣಿವೆಯಲ್ಲಿ, ತಾಳೆ ಜಾತಿಯ ಮರ ಮನೆಯಂಗಳದಲ್ಲಿ ಹಿಮ ಹೊತ್ತು ನಿಂತಿರುವುದು ಈಗ ಅಪರೂಪವಲ್ಲ. ಬೀಸಣಿಗೆ ಎಲೆ, ಕಂದು ನಾರು ಸುತ್ತಿದ ಕಾಂಡ. ಇದು ಟ್ರ್ಯಾಕಿಕಾರ್ಪಸ್ ಫಾರ್ಚುನೈ; ಜರ್ಮನ್ನರು ಹನ್ಫ್‌ಪಾಲ್ಮೆ ಎನ್ನುತ್ತಾರೆ. ಜಪಾನಿನಲ್ಲಿ ವೈದ್ಯನಾಗಿದ್ದ, ವ್ಯೂರ್ಟ್ಸ್‌ಬುರ್ಗ್ ಮೂಲದ ಸೀಬೋಲ್ಡ್ 1830ರಲ್ಲಿ ಇದರ ಬೀಜಗಳನ್ನು ಯುರೋಪಿಗೆ ತಲುಪಿಸಿದ. ಚೆನ್ನಾಗಿ ಬೇರೂರಿದ ಮರ ಮೈನಸ್ 15 ಡಿಗ್ರಿಯ ಚಳಿಯನ್ನೂ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ.

ಆದರೂ ಚಳಿಗಾಲ ಕಳೆದಾಗ ಸತ್ತ ಮರಗಳು ಕಾಣುತ್ತವೆ, ಅಷ್ಟು ಕಠೋರ ಚಳಿ ಬೀಳದ ವರ್ಷಗಳಲ್ಲೂ. ಚಳಿಯ ಜೊತೆ ನೀರು ಸೇರಿದಾಗಲೇ ಹೆಚ್ಚಿನ ಅಪಾಯ.

ಕಾರಣವನ್ನು ಅಡಿಕೆ, ತೆಂಗು ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂಟಿ ಕಾಂಡದ ಈ ಮರಗಳಿಗೆ ಇರುವುದು ಒಂದೇ ಸುಳಿ. ಮಾವಿನಂತೆ ಪಕ್ಕದಿಂದ ಚಿಗುರಲಾರವು. ಕಾಂಡದಲ್ಲಿ ಕ್ಯಾಂಬಿಯಂ ಪದರ ಇಲ್ಲದ್ದರಿಂದ ಆದ ಗಾಯವನ್ನು ಹೊಸ ಅಂಗಾಂಶ ಬೆಳೆಸಿ ಮುಚ್ಚಿಕೊಳ್ಳಲೂ ಆರವು. ಹಗಲು ಕರಗಿದ ಹಿಮದ ನೀರು ಸುಳಿಗೆ ಇಳಿದು ರಾತ್ರಿ ಹೆಪ್ಪುಗಟ್ಟುತ್ತದೆ. ಜೀವಕೋಶಗಳ ನಡುವೆ ಮಂಜುಗಡ್ಡೆ ಮೂಡಿ, ಕೋಶಗಳೊಳಗಿನ ನೀರನ್ನೂ ಹೊರಗೆಳೆದುಕೊಳ್ಳುತ್ತದೆ. ಹೀಗೆ ಕುಗ್ಗಿದ ಕೋಶಗಳ ಪೊರೆ ಕೆಡುತ್ತದೆ. ಮಾರ್ಚ್‌ನಲ್ಲಿ ಬಿಸಿಲೇರಿದಾಗ ಸತ್ತ ಭಾಗಕ್ಕೆ ಶಿಲೀಂಧ್ರ, ಬ್ಯಾಕ್ಟೀರಿಯಾ ಹತ್ತುತ್ತವೆ.

ಆಗ ತೋಟಗಾರರು ನಡುವಿನ ಮಡಿಚಿದ ಎಳೆ ಎಲೆಯನ್ನು ಹಿಡಿದು ಮೆಲ್ಲಗೆ ಎಳೆದು ನೋಡುತ್ತಾರೆ. ಬಿಗಿಯಾಗಿದ್ದರೆ ಚಿಂತೆಯಿಲ್ಲ. ಕೈಗೇ ಕಿತ್ತು ಬಂದರೆ ಅದರ ಬುಡ ಕಂದಾಗಿ, ಲೋಳೆಲೋಳೆಯಾಗಿ, ನಾತ ಹೊಡೆಯುತ್ತಿರುತ್ತದೆ. ಮಲೆನಾಡಿನ ಮಳೆಗಾಲದ ಸುಳಿಕೊಳೆ ಕಂಡವರಿಗೆ ಇದು ಪರಿಚಿತ ದೃಶ್ಯ; ಜರ್ಮನಿಯಲ್ಲಿ ರೋಗಕ್ಕೆ ಬಾಗಿಲು ತೆಗೆಯುವುದು ಹಿಮ, ಅಷ್ಟೇ. ನಮ್ಮವರು ಬೋರ್ಡೋ ದ್ರಾವಣ ಹಾಕುವಂತೆ ಅಲ್ಲಿಯೂ ಕೆಲವರು ತಾಮ್ರದ ಔಷಧ ಸುರಿಯುತ್ತಾರೆ. ಆಳದಲ್ಲಿರುವ ಬೆಳವಣಿಗೆಯ ತುದಿ ಉಳಿದಿದ್ದರೆ ಬೇಸಿಗೆಯಲ್ಲಿ ಮೊಟಕಾದ ಎಲೆಯೊಂದು ಹೊರಬರುತ್ತದೆ. ಆದ್ದರಿಂದ ಆತುರಪಟ್ಟು ಮರ ಕಡಿಯಬಾರದು.

ಫೆಬ್ರವರಿಯ ಹೊಳೆಯುವ ಬಿಸಿಲೂ ಮೋಸದ್ದೇ. ಎಲೆಗಳಿಂದ ನೀರು ಆವಿಯಾಗುತ್ತಿರುತ್ತದೆ, ನೆಲ ಹೆಪ್ಪುಗಟ್ಟಿರುವುದರಿಂದ ಬೇರು ನೀರೆಳೆಯಲಾರದು. ಹಿಮದ ನಡುವೆ ಮರ ಬಾಯಾರಿ ಒಣಗುತ್ತದೆ. ಹಾಗಾಗಿ ಬುಡಕ್ಕೆ ಒಣ ಎಲೆಗಳ ದಪ್ಪ ಹೊದಿಕೆ ಬೇಕು. ಎಲೆಗಳನ್ನು ಮೇಲಕ್ಕೆತ್ತಿ ಕಟ್ಟಿ, ಸುಳಿಯ ಮೇಲೆ ಮಳೆ ಬೀಳದಂತೆ ಚಿಕ್ಕ ಸೂರು ಮಾಡಬೇಕು. ತೀರಾ ಚಳಿಯ ರಾತ್ರಿಗಳಲ್ಲಿ ಬಿಸಿಯಾಗುವ ಹಳೆಯ ಬಗೆಯ ಬಲ್ಬಿನ ಸರ ಸುತ್ತುವವರಿದ್ದಾರೆ; ಎಲ್‌ಇಡಿ ಸರದಿಂದ ಆ ಪ್ರಯೋಜನವಿಲ್ಲ. ಇಡೀ ಗಿಡಕ್ಕೆ ಪ್ಲಾಸ್ಟಿಕ್ ಬಿಗಿದು ತಿಂಗಳುಗಟ್ಟಲೆ ಬಿಡುವುದನ್ನು ಮಾತ್ರ ನಾನು ಒಪ್ಪಲಾರೆ. ಒಳಗೆ ತೇವ ಕಟ್ಟಿ, ಯಾವುದನ್ನು ತಪ್ಪಿಸಬೇಕಿತ್ತೋ ಅದೇ ಆಗುತ್ತದೆ.

ಹಿಂದೆ ಈ ಗಿಡಗಳ ಆಸೆ ತೀರುತ್ತಿದ್ದುದು ಗಾಜಿನ ಮನೆಗಳಲ್ಲಿ. ಫ್ರಾಂಕ್‌ಫರ್ಟ್‌ನ ಪಾಲ್ಮೆನ್‌ಗಾರ್ಟನ್ 1871ರಲ್ಲಿ ತೆರೆಯಿತು. ಮೊದಲ ಗಿಡಗಳು ಬಂದದ್ದು ನಸೌ ಪ್ರಾಂತದ ದೊರೆ ಅಡಾಲ್ಫನ ಸಂಗ್ರಹದಿಂದ. ಡ್ರೆಸ್ಡನ್ ಬಳಿಯ ಪಿಲ್ನಿಟ್ಸ್ ಅರಮನೆ ತೋಟದಲ್ಲೂ ಹತ್ತೊಂಬತ್ತನೇ ಶತಮಾನದ ತಾಳೆಮನೆಯಿದೆ. ಮುಂದೆ ಲಾಲ್‌ಬಾಗನ್ನು ರೂಪಿಸಿದ ಕ್ರುಂಬಿಗಲ್ ತೋಟಗಾರಿಕೆ ಕಲಿತದ್ದು ಇದೇ ಪಿಲ್ನಿಟ್ಸ್‌ನಲ್ಲಿ.

ಸೈಕಸ್‌ಗೆ ಇಂದಿಗೂ ಆ ಆಸರೆ ಬೇಕು. ನೋಡಲು ತಾಳೆಯಂತಿದ್ದರೂ ಇದು ಹೂ ಬಿಡದ, ಹಣ್ಣಿನ ಹೊದಿಕೆಯಿಲ್ಲದೆ ಬೀಜ ಬಿಡುವ ಗುಂಪಿನದು. ನರ್ಸರಿಗಳಲ್ಲಿ ಸಿಗುವ ಸೈಕಸ್ ರೆವೊಲ್ಯೂಟಾ ಮೈನಸ್ 7–8 ಡಿಗ್ರಿಗೆ ಎಲೆ ಸುಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾತ್ರ ಹೊಸ ಎಲೆಗಳು ಒಟ್ಟಿಗೆ ಬರುವುದರಿಂದ, ಅವು ಹಾಳಾದರೆ ಆ ವರ್ಷದ ಚೆಲುವೇ ಹೋಯಿತು. ಕುಂಡದಲ್ಲಿ ಬೆಳೆಸಿ, ಚಳಿಗಾಲದಲ್ಲಿ 5ರಿಂದ 10 ಡಿಗ್ರಿಯ ಬೆಳಕಿನ ಕೋಣೆಯಲ್ಲಿ ಹೆಚ್ಚು ನೀರು ಹಾಕದೆ ಇಟ್ಟು, ಕೊನೆಯ ಹಿಮದ ದಿನಗಳೆಂದು ಜರ್ಮನ್ನರು ನಂಬುವ, ಮೇ ಮಧ್ಯದ ‘ಹಿಮಸಂತರ’ ದಿನಗಳು ಕಳೆದ ಮೇಲೆ ಹೊರಗಿಡುವುದು ವಾಡಿಕೆ.

ಕುಂಡ ಬದಲಿಸುವಾಗ ಮಣ್ಣಿನ ಮೇಲ್ಭಾಗದಲ್ಲಿ ಹವಳದಂತೆ ಕವಲೊಡೆದ ಗಂಟುಬೇರುಗಳು ಕಂಡರೆ ರೋಗವೆಂದು ಕತ್ತರಿಸಬೇಡಿ. ಅಂಥ ಬೇರನ್ನು ಅಡ್ಡ ಕೊಯ್ದರೆ ಒಳಗೆ ಹಸಿರು ಉಂಗುರ ಕಾಣುತ್ತದೆ. ಅದು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವ ನೀಲಿ-ಹಸಿರು ಪಾಚಿ. ಸೈಕಸ್‌ನ ಇನ್ನೊಂದು ಬೆರಗು ಅದರ ಗಂಡು ಕೋಶ. ಜರೀಗಿಡದಲ್ಲಿರುವಂತೆ ಅದು ಈಜುತ್ತದೆ. ಲೈಪ್‌ಸಿಗ್‌ನಲ್ಲಿ ಸಂಗೀತ ಪುಸ್ತಕಗಳ ಅಂಗಡಿ ನೋಡಿಕೊಳ್ಳುತ್ತಲೇ ಸಸ್ಯಶಾಸ್ತ್ರವನ್ನು ತಾನೇ ಕಲಿತ ಹೋಫ್‌ಮೈಸ್ಟರ್, ಜರೀಗಿಡಕ್ಕೂ ಬೀಜ ಬಿಡುವ ಗಿಡಕ್ಕೂ ಸಂತಾನಕ್ರಮ ಮೂಲತಃ ಒಂದೇ ಎಂದು 1851ರಲ್ಲೇ ತೋರಿಸಿದ್ದ. 1896ರಲ್ಲಿ ಜಪಾನಿನ ಇಕೆನೊ ಸೈಕಸ್‌ನಲ್ಲಿ ಈಜುವ ಕೋಶವನ್ನು ಕಂಡಾಗ ಆ ಮಾತಿಗೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು.

ಸೈಕಾಡ್ (ಸೈಕಸ್ ಬಳಗದ ಗಿಡ) ಕೊಳ್ಳುವವರು ನರ್ಸರಿಯಲ್ಲೇ ಬೆಳೆದ, ಕಾಗದಪತ್ರ ಸರಿಯಿರುವ ಗಿಡ ಕೇಳಿ ಪಡೆಯಬೇಕು. ನಮ್ಮ ಪಶ್ಚಿಮಘಟ್ಟದ ಸೈಕಸ್ ಸರ್ಸಿನಾಲಿಸ್ ಸೇರಿ ಹಲವು ಜಾತಿಗಳು ಅಳಿವಿನಂಚಿನಲ್ಲಿವೆ. ಬೀಜ, ಎಲೆ ಎರಡೂ ವಿಷ. ಮನೆಯಲ್ಲಿ ಮಕ್ಕಳು, ನಾಯಿ ಇದ್ದರೆ ಎಚ್ಚರ ಬೇಕು.

ಟ್ರ್ಯಾಕಿಕಾರ್ಪಸ್‌ನದು ತದ್ವಿರುದ್ಧ ಸಮಸ್ಯೆ. ಪಕ್ಕದ ಸ್ವಿಟ್ಜರ್ಲೆಂಡಿನ ಟಿಚಿನೊದಲ್ಲಿ ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲಿ, ಅದು ಕಾಡಿಗೆ ನುಗ್ಗಿದೆ. 2024ರ ಸೆಪ್ಟೆಂಬರ್‌ನಿಂದ ಅಲ್ಲಿ ಇದರ ಮಾರಾಟವೇ ನಿಷಿದ್ಧ. ಚಳಿಗಾಲಗಳು ಮೆದುವಾಗುತ್ತಿರುವ ಜರ್ಮನಿಯಲ್ಲೂ ಈಗಲೇ ಜಾಗ್ರತೆ ವಹಿಸುವುದು ಒಳ್ಳೆಯದು. ಗಂಡು, ಹೆಣ್ಣು ಮರಗಳು ಬೇರೆಬೇರೆಯಾದ್ದರಿಂದ ಕೆಲಸ ಸುಲಭ: ಹೆಣ್ಣು ಮರದ ಗೊನೆಯನ್ನು ಹಣ್ಣಾಗುವ ಮೊದಲೇ ಕೊಯ್ದು ಹಾಕಿದರಾಯಿತು.