ಮರಿನಾಯಿಯ ಬೇಟೆಗುಣ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯ ತೊಗರಿ ಹೊಲದಲ್ಲಿ ಮೊಲವೊಂದು ಎದ್ದು ಓಡಿದರೆ, ಎಂದೂ ಬೇಟೆ ಕಾಣದ ಮರಿನಾಯಿಯೂ ಅದರ ಬೆನ್ನು ಹತ್ತುವುದು. ಇದನ್ನು ಅದಕ್ಕೆ ಕಲಿಸಿದವರಾರು? ಯಾರೂ ಅಲ್ಲ; ಇದು ಹುಟ್ಟುಗುಣ. ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು: ತೋಳದಲ್ಲಿ ಈ ಕ್ರಿಯೆಗಳು ಸರಪಳಿಯಂತೆ ಒಂದರ ಹಿಂದೊಂದು ಬರುತ್ತವೆ. ಮನುಷ್ಯನು ತಳಿಗಳನ್ನು ಆರಿಸುತ್ತ ಬಂದು ಕೆಲವು ಕೊಂಡಿಗಳನ್ನು ಬಲಪಡಿಸಿದನು, ಕೆಲವನ್ನು ಸಡಿಲಿಸಿದನು. ನಮ್ಮ ಮುಧೋಳದ ನಾಯಿಯಲ್ಲಿ ನೋಟವೂ ಓಟವೂ ಪ್ರಬಲ.

ಪೊಲೀಸ್ ನಾಯಿಗೆ ಕಚ್ಚಿ ಹಿಡಿಯುವುದನ್ನು ಕಲಿಸುವಾಗಲೂ ಈ ಗುಣವೇ ಆಧಾರ. ಹಗ್ಗಕ್ಕೆ ಕಟ್ಟಿದ ಬಟ್ಟೆಯ ತುಂಡನ್ನು ಮರಿಯ ಮುಂದೆ ನೆಲದ ಮೇಲೆ ಎಳೆಯಬೇಕು. ಅದು ಮರಿಯಿಂದ ದೂರ ಓಡಬೇಕು; ಯಾವ ಮೊಲವೂ ತಾನಾಗಿ ನಾಯಿಯ ಬಾಯಿಗೆ ಬಂದು ಬೀಳುವುದಿಲ್ಲವಷ್ಟೆ! ಮರಿ ಬಾಯಿತುಂಬ ಹಿಡಿದೊಡನೆ ಬಟ್ಟೆಯನ್ನು ಅದಕ್ಕೇ ಬಿಟ್ಟುಕೊಡಬೇಕು. ದಣಿಯುವ ಮೊದಲೇ ಆಟವನ್ನು ನಿಲ್ಲಿಸಬೇಕು. 4ರಿಂದ 6 ತಿಂಗಳ ನಡುವೆ ಹಾಲುಹಲ್ಲು ಉದುರುವಾಗ ಎಳೆದಾಟ ಬೇಡ.

ಮರಿಯನ್ನು ಕಟ್ಟಿಹಾಕಿ ಕೆಣಕಿದರೆ ಶೂರವಾದೀತೆಂದು ಹಲವರು ಭಾವಿಸುತ್ತಾರೆ. ಇದು ತಪ್ಪು. 1962ರಲ್ಲಿ ಅಮೆರಿಕದ ವಾಸ್ಮನ್ ಮತ್ತು ಫ್ಲಿನ್ ಎಂಬವರು ಬೆಕ್ಕಿನ ಮೆದುಳಿನ ಹೈಪೊಥಲಾಮಸ್ ಭಾಗವನ್ನು ವಿದ್ಯುತ್ತಿನಿಂದ ಉತ್ತೇಜಿಸಿ ನೋಡಿದರು. ಒಂದೆಡೆ ಉತ್ತೇಜಿಸಿದಾಗ ಬೆಕ್ಕು ಸದ್ದಿಲ್ಲದೆ ಇಲಿಯನ್ನು ಹಿಡಿಯಿತು. ಇನ್ನೊಂದೆಡೆ ಉತ್ತೇಜಿಸಿದಾಗ ಕೂದಲು ನಿಮಿರಿಸಿ, ಬುಸುಗುಟ್ಟಿ ಎರಗಿತು. ಎಂದರೆ ಬೇಟೆಯ ಮೂಲ ಬೇರೆ, ಕೋಪದ ಮೂಲ ಬೇರೆ. ಆಟದಿಂದ ಬೆಳೆದ ನಾಯಿ ‘ಬಿಡು’ ಎಂದಾಗ ಬಿಡುವುದನ್ನೂ ಕಲಿಯಬಲ್ಲದು. ಭಯದಿಂದ ಕೆರಳಿದ ನಾಯಿಯಾದರೋ, ಕಲಬುರಗಿಯಂಥ ಜನನಿಬಿಡ ನಗರದ ಬೀದಿಯಲ್ಲಿ, ಓಡುವ ಮಗುವನ್ನೂ ಶತ್ರುವೆಂದು ಬಗೆದೀತು.